ಶ್ ಮೇಷ್ಟ್ರು ಕೂಗಿದ ದಿನ

ನಮ್ಮನೆಯವರ ಕಥೆಯನ್ನು ನಾನೇ ಹೇಳಬೇಕು. ಬೇರೆಯವರ ಬಾಯಿಗೆ ಬಿಟ್ಟರೆ ‘ಸದ್ದಿಲ್ಲದ ಸಾಧಕರು’ ಅಂತ ಎರಡು ಮಾತಾಡಿ, ಚಪ್ಪಾಳೆ ತಟ್ಟಿ ಮುಗಿಸಿಬಿಡುತ್ತಾರೆ. ಸದ್ದಿಲ್ಲದವರಂತೆ! ಆ ಸದ್ದಿಲ್ಲದವರ ಜೊತೆ ಇಪ್ಪತ್ತೆಂಟು ವರ್ಷ ಏಗಿದವಳು ನಾನು. ಕಾಲೇಜಿನಲ್ಲಿ ಅವರಿಗೆ ‘ಶ್ ಮೇಷ್ಟ್ರು’ ಅಂತ ಅಡ್ಡಹೆಸರು. ಮೇಷ್ಟ್ರೇನೂ ಅಲ್ಲ, ಲ್ಯಾಬಿನ ಮೆಕ್ಯಾನಿಕ್. ಆದರೆ ಕರ್ನಲ್ ಆಗಲಿ ಕ್ಯಾಪ್ಟನ್ ಆಗಲಿ, ಬಾಗಿಲು ದಾಟಿ ಕಾಲಿಟ್ಟರೆ ಸಾಕು, ತುಟಿಗೆ ಬೆರಳಿಟ್ಟು ‘ಶ್!’ ಅನ್ನುತ್ತಾರೆ. ಅಷ್ಟು ದೊಡ್ಡ ದೊಡ್ಡ ಮೀಸೆಯವರೂ ಬಾಯಿ ಮುಚ್ಚಿಕೊಂಡು ನಿಲ್ಲುತ್ತಾರೆ.

ನಮ್ಮದು ಸೈನ್ಯದ ಅಧಿಕಾರಿಗಳು ಓದುವ ಕಾಲೇಜು. ಗಡಿಯಲ್ಲಿ ಕಾವಲಿದ್ದವರು, ಹಡಗು ನಡೆಸಿದವರು, ವಿಮಾನ ಹಾರಿಸಿದವರು ಎರಡು ವರ್ಷ ಅನುಮತಿ ಪಡೆದು ಬಂದು, ತಲೆ ನೆರೆಯುವ ವಯಸ್ಸಿನಲ್ಲಿ ಬೆಂಚಿನ ಮೇಲೆ ಕೂತು ಸಂಶೋಧನೆ ಮಾಡುತ್ತಾರೆ. ಗುಂಡಿಗೆ ಹೆದರದವರು ಪರೀಕ್ಷೆಯ ದಿನ ನನ್ನ ಕ್ಯಾಂಟೀನಿನಲ್ಲಿ ಟೀ ಲೋಟ ಹಿಡಿದು ಗಡಗಡ ನಡುಗುವುದನ್ನು ಕಣ್ಣಾರೆ ಕಂಡಿದ್ದೇನೆ. ಹೌದು, ಕ್ಯಾಂಟೀನು ನನ್ನದು. ನಮ್ಮನೆಯವರ ಲ್ಯಾಬಿಗೂ ನನ್ನ ಒಲೆಗೂ ಮಧ್ಯೆ ಒಂದು ಕಾಂಕ್ರೀಟ್ ರಸ್ತೆ, ಅಷ್ಟೇ.

ಇವರು ಮೊದಲು ಗಡಿಯಾರ ರಿಪೇರಿ ಮಾಡಿಕೊಂಡಿದ್ದವರು. ಕಾಲೇಜಿನ ಗೋಡೆ ಗಡಿಯಾರ ಕೆಟ್ಟಿದೆ ಅಂತ ಯಾರೋ ಕರೆಸಿದರು. ಸರಿ ಮಾಡಿ ಏಣಿ ಇಳಿಯುವಾಗ ಆಗಿನ ಪ್ರೊಫೆಸರೊಬ್ಬರು ಬಂದು, “ಅಕ್ಕಿಕಾಳಿಗಿಂತ ಸಣ್ಣ ತಿರುಪು ಮಾಡ್ತೀಯೇನಪ್ಪಾ?” ಅಂದರಂತೆ. “ಎಷ್ಟು ಬೇಕು ಸರ್?” ಅಂದರಂತೆ ಇವರು. ಅವತ್ತು ಲ್ಯಾಬಿನ ಒಳಗೆ ಹೋದವರು ಮೂವತ್ತೊಂದು ವರ್ಷವಾದರೂ ಹೊರಗೆ ಬಂದಿಲ್ಲ. ನಮ್ಮ ಮದುವೆಗೂ ಮೂರೇ ದಿನ ರಜೆ ಹಾಕಿದ್ದರು. ನಾಲ್ಕನೇ ದಿನ ಬೆಳಿಗ್ಗೆ, ಅರ್ಧ ಮಾಡಿದ ತಿರುಪು ಹಾಗೇ ಬಿಟ್ಟು ಬಂದಿದ್ದೀನಿ ಅಂತ ಓಡಿಹೋದರು.

ಅವರು ಕೈಯಾರೆ ಕಟ್ಟಿದ ಒಂದು ಯಂತ್ರವಿದೆ. ಕಾಗದಪತ್ರದಲ್ಲಿ ಅದಕ್ಕೆ ಮೊಳದುದ್ದದ ಹೆಸರು. ಇವರು ‘ತೂಗು’ ಅನ್ನುತ್ತಾರೆ, ನಾನು ‘ಸವತಿ’ ಅನ್ನುತ್ತೇನೆ. ಆಳೆತ್ತರದ ಉಕ್ಕಿನ ಡ್ರಮ್ಮು, ಅದರೊಳಗೆ ಕೂದಲೆಳೆಯಂಥ ತಂತಿಗೆ ನೇತುಹಾಕಿದ ಒಂದು ಅಡ್ಡಪಟ್ಟಿ. ಪಟ್ಟಿಯ ತುದಿಗೆ ಪುಟಾಣಿ ರಾಕೆಟ್ ಎಂಜಿನ್ನು ಕಟ್ಟಿ, ಡ್ರಮ್ಮಿನ ಗಾಳಿಯನ್ನೆಲ್ಲ ಪಂಪಿನಿಂದ ಹೀರಿ ತೆಗೆದು, ಎಂಜಿನ್ನು ಹೊತ್ತಿಸಿದರೆ ಪಟ್ಟಿ ಇಷ್ಟೇ ಇಷ್ಟು ಪಕ್ಕಕ್ಕೆ ಸರಿಯುತ್ತದೆ. ಎಷ್ಟು ಸರಿಯಿತು ಅನ್ನುವುದನ್ನು ಹೊರಗೊಂದು ಪೆನ್ನು, ಉರುಳುವ ಕಾಗದದ ಮೇಲೆ ಗೀಟೆಳೆದು ತೋರಿಸುತ್ತದೆ. ಆಕಾಶದಲ್ಲಿರುವ ಉಪಗ್ರಹವನ್ನು ಚೂರುಚೂರೇ ತಿರುಗಿಸುವ ಎಂಜಿನ್ನಂತೆ ಅದು. ಅದರ ನೂಕುಬಲ ಅರ್ಧ ಎಳ್ಳುಕಾಳಿನ ಭಾರದಷ್ಟೂ ಇಲ್ಲವಂತೆ. ಕಂಪ್ಯೂಟರು ಬಂದ ಮೇಲೂ ಇವರು ಆ ಪೆನ್ನನ್ನು ಬಿಡಲಿಲ್ಲ. ತೂಗು ಕಟ್ಟುವುದಕ್ಕೆ ಆರು ವರ್ಷ ಹಿಡಿಯಿತು, ತಂತಿ ಹತ್ತೊಂಬತ್ತು ಸಲ ಹರಿಯಿತು. ಹತ್ತೊಂಬತ್ತು ಸಲವೂ ಮನೆಗೆ ಬಂದು ಊಟ ಬೇಡ ಅಂದರು.

ಅರ್ಧ ಎಳ್ಳುಕಾಳು ತೂಗುವವರಿಗೆ ಲೋಕವೆಲ್ಲ ಗಲಾಟೆಯೇ. ಲ್ಯಾಬಿನಲ್ಲಿ ಬೂಟು ಹಾಕುವಂತಿಲ್ಲ, ಬಾಗಿಲಲ್ಲೇ ಬಿಚ್ಚಿಟ್ಟು ಕಾಲುಚೀಲದಲ್ಲಿ ಒಳಗೆ ಬರಬೇಕು. ಕೆಮ್ಮು ಬಂದರೆ ಹೊರಗೆ ಹೋಗಿ ಕೆಮ್ಮಿ ಬರಬೇಕು. ಇರಲಿ ಬಿಡಿ, ಲ್ಯಾಬು ಅವರದು. ಆದರೆ ಮನೆ? ಕುಕ್ಕರ್ ಕೂಗಿದರೆ ಕುಕ್ಕರಿಗೂ ‘ಶ್!’. ಮಂಚ ಕಿರುಗುಟ್ಟಿದರೆ ಎಣ್ಣೆ ಡಬ್ಬಿ ಹಿಡಿದು ಮಂಚದ ಕೆಳಗೆ. ನಾನು ಬಾಯಿಬಡುಕಿ, ಒಪ್ಪಿದೆ. ಬಾಯಿಲ್ಲದೆ ಕ್ಯಾಂಟೀನು ನಡೆಸೋಕಾಗುತ್ತಾ? ಆದರೆ ಈ ಮನುಷ್ಯ ಇಪ್ಪತ್ತೆಂಟು ವರ್ಷದಲ್ಲಿ ಒಂದು ಸಲವೂ ಗಂಟಲೆತ್ತಿ ನನ್ನನ್ನು ಕರೆದದ್ದಿಲ್ಲ. ಏನಾದರೂ ಬೇಕಾದರೆ ಎದ್ದು ಬಂದು, ಪಕ್ಕದಲ್ಲಿ ನಿಂತು, “ಇವಳೇ, ಟವೆಲ್ ಎಲ್ಲಿ?” ಅಂತ ಪಿಸುಗುಟ್ಟುತ್ತಾರೆ.

ಇಂಥವರ ಲ್ಯಾಬಿಗೆ ಮೇಜರಮ್ಮ ಬಂದಳು. ಮೇಜರನ್ನು ಏಕವಚನದಲ್ಲಿ ಅನ್ನುತ್ತಿದ್ದೀನಲ್ಲ ಅಂತ ಹುಬ್ಬೇರಿಸಬೇಡಿ. “ಅಕ್ಕಾ, ನೀವು ‘ಬನ್ನಿ ಹೋಗಿ’ ಅಂದ್ರೆ ನಿಮ್ಮ ಟೀನೇ ಕುಡಿಯಲ್ಲ” ಅಂತ ಅವಳೇ ಹೇಳಿದ್ದು. ಸಿಗ್ನಲ್ ಪಡೆಯವಳು. ಕಡ್ಡಿಯಂತೆ ಸಣಕಲು, ನಡೆದರೆ ಓಡಿದ ಹಾಗೆ, ನಕ್ಕರೆ ರಸ್ತೆ ಆಚೆಗೂ ಕೇಳಬೇಕು. ಬೆರಳ ತುದಿಯಷ್ಟು ದೊಡ್ಡ ಎಂಜಿನ್ನೊಂದನ್ನು ತಾನೇ ಲೆಕ್ಕ ಹಾಕಿ ಮಾಡಿಸಿದ್ದಳು. ಅದು ಎಷ್ಟು ನೂಕುತ್ತದೆ ಅಂತ ತೂಗಿನ ಮೇಲೆ ತೋರಿಸಿದರೆ ಪದವಿ. ತೋರಿಸದಿದ್ದರೆ ಎರಡು ವರ್ಷ ನೀರಲ್ಲಿ ಹೋಮ. ಸೈನ್ಯದಲ್ಲಿ ಓದುವುದಕ್ಕೆ ಅನುಮತಿ ಸಿಗುವುದು ಒಂದೇ ಸಲ. ಪದವಿ ಇಲ್ಲದೆ ವಾಪಸ್ಸು ಹೋದರೆ ಮತ್ತೆ ಯಾವುದೋ ದೂರದ ಠಾಣೆಯಲ್ಲಿ ಹಳೇ ರೇಡಿಯೊ ಪೆಟ್ಟಿಗೆಗಳಿಗೆ ಧೂಳು ಹೊಡೆಯುವ ಕೆಲಸ. ಎಂಜಿನ್ನು ಮುಟ್ಟುವ ಭಾಗ್ಯ ಈ ಜನ್ಮಕ್ಕಿಲ್ಲ.

ಎಂಜಿನ್ನೇನೋ ತಯಾರಾಯಿತು. ಆದರೆ ಪೆನ್ನು? ಪೆನ್ನು ನಡುಗಲು ಶುರು ಮಾಡಿತು. ಎಂಜಿನ್ನು ಹೊತ್ತಿಸದೇ ಇದ್ದರೂ ನಡುಕ. ನೆಟ್ಟಗೆ ಎಳೆಯಬೇಕಾದ ಗೀಟು ಗರಗಸದ ಹಲ್ಲಿನ ಹಾಗೆ ಬರುತ್ತಿತ್ತು. ಆ ಹಲ್ಲುಗಳ ನಡುವೆ ಅರ್ಧ ಎಳ್ಳುಕಾಳನ್ನು ಎಲ್ಲಿ ಅಂತ ಹುಡುಕುವುದು? ಇವರು ತಂತಿ ಬದಲಿಸಿದರು. ಪಂಪು ಬಿಚ್ಚಿ ಕಟ್ಟಿದರು. ಡ್ರಮ್ಮಿನ ಕಾಲಿಗೆ ರಬ್ಬರು ಇಟ್ಟರು, ರಬ್ಬರಿನ ಕೆಳಗೆ ಮರಳಿನ ಮೂಟೆ ಇಟ್ಟರು. ಆರು ವಾರ ಹೀಗೇ ಹೋಯಿತು. ನನಗೂ ಆ ಆರು ವಾರ ಪುರುಸೊತ್ತಿರಲಿಲ್ಲ ಅನ್ನಿ. ಕಾಲೇಜಿನ ಮೈದಾನ ಅಗೆದು ಹಾಕಿದ್ದರಿಂದ ಘಟಿಕೋತ್ಸವದ ಕವಾಯತು ಅಭ್ಯಾಸವನ್ನು ನಮ್ಮ ರಸ್ತೆಗೇ ತಂದಿದ್ದರು. ಹನ್ನೊಂದರ ಗಂಟೆ ಬಾರಿಸಿತೆಂದರೆ ನೂರಿಪ್ಪತ್ತು ಜನ ಒಟ್ಟಿಗೆ ಟೀಗೆ ಮುಗಿಬೀಳುತ್ತಿದ್ದರು.

ಮೇಜರಮ್ಮ ಸೋತು ಸುಣ್ಣವಾಗಿ ಒಂದು ದಿನ ಇವರನ್ನು ಕೇಳಿದಳು: “ಮೇಷ್ಟ್ರೇ, ಈ ಹಲ್ಲುಗಳನ್ನ ಕಂಪ್ಯೂಟರಿನಲ್ಲಿ ಉಜ್ಜಿ ನುಣ್ಣಗೆ ಮಾಡಿಬಿಡಲಾ?”

“ಬೇಡಮ್ಮಾ” ಅಂದರು ಇವರು. “ತೂಗು ಬರೆದಿದ್ದನ್ನ ನಾವು ತಿದ್ದಬಾರದು. ಅಳತೆಗೆ ಸಿಕ್ಕಿದ್ದನ್ನ ಕತ್ತರಿಸಿದ್ರೆ ಅದು ಅಳತೆಯಲ್ಲ, ಸುಳ್ಳು.”

ಅವಳ ಗೈಡ್ ಪ್ರೊಫೆಸರಿಗೆ ತಾಳ್ಮೆ ಮುಗಿಯಿತು. ನನ್ನ ಕೌಂಟರಿನ ಎದುರೇ ನಿಂತು, ಇವರಿಗೆ ಕೇಳಲಿ ಅಂತಲೇ ಅಂದರು: “ಯಂತ್ರ ಹಳೇದಾಯ್ತು ಅಂತ ಒಪ್ಪಿಕೊಳ್ಳಲ್ಲ. ರಬ್ಬರು ಸರಿಯಿಲ್ಲ, ಮರಳು ಸರಿಯಿಲ್ಲ, ನೆಲ ಸರಿಯಿಲ್ಲ! ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ.” ಶನಿವಾರ ಮಧ್ಯಾಹ್ನ ಪರೀಕ್ಷಕರು ಬರುತ್ತಾರೆ, ಶುಕ್ರವಾರ ಸಂಜೆಯೊಳಗೆ ನೆಟ್ಟಗಿನ ಗೀಟು ಬಾರದಿದ್ದರೆ ಮೇಜರಮ್ಮ ಪೆಟ್ಟಿಗೆ ಕಟ್ಟಬಹುದು, ತೂಗು ಗುಜರಿಗೆ ಹೋಗಬಹುದು ಅಂತ ಫರ್ಮಾನು ಹೊರಡಿಸಿದರು. ನನಗೆ ಉರಿದುಹೋಯಿತು. ಅವರ ಟೀಗೆ ಸಕ್ಕರೆ ಹಾಕಲಿಲ್ಲ.

ಇವರು ಮನೆಗೆ ಬಂದು ಬಟ್ಟೆ ಬದಲಿಸದೆ ಕೂತರು. “ತೂಗು ಹೋದ್ರೆ ಹೋಗಲಿ ಇವಳೇ” ಅಂದರು ಮೆಲ್ಲಗೆ. “ಆ ಹುಡುಗಿ ನನ್ನ ಕೈಕೆಲಸ ನಂಬಿ ಎರಡು ವರ್ಷ ಹಾಕಿದ್ಳು. ಅವಳಿಗೆ ನಾನು ಮೋಸ ಮಾಡಿದ ಹಾಗಾಯ್ತು.” ಕಣ್ಣಲ್ಲಿ ನೀರಿತ್ತು. ಸವತಿ ಅಂತ ಎಷ್ಟೇ ಬೈದರೂ ಅವತ್ತು ಆ ಡ್ರಮ್ಮನ್ನು ನೆನೆದು ನನಗೂ ಅಯ್ಯೋ ಅನಿಸಿತು.

ಹಾಗಂತ ಜಗಳ ಆಡದೆ ಬಿಡುತ್ತೇವೆಯೇ? ಬುಧವಾರ ಸಂಜೆ ನನ್ನ ತಂಗಿ, ತಂಗಿ ಗಂಡ ಮನೆಗೆ ಬಂದಿದ್ದರು. ಪ್ರೊಫೆಸರಿಗೆ ಸಪ್ಪೆ ಟೀ ಕುಡಿಸಿದ ಕಥೆಯನ್ನು ಕೈಕಾಲು ಆಡಿಸಿ ಹೇಳುತ್ತಿದ್ದೆ. ಕಥೆಯಲ್ಲಿ ಇನ್ನೇನು ಪ್ರೊಫೆಸರು ಮೊದಲ ಗುಟುಕು ಬಾಯಿಗಿಟ್ಟು ಮುಖ ಹಿಂಡಬೇಕು, ಅಷ್ಟರಲ್ಲಿ ಇವರು ಬೆರಳೆತ್ತಿ ‘ಶ್!’ ಅಂದರು. ಏನಪ್ಪಾ ಅಂದರೆ ಫ್ರಿಜ್ಜಿನ ಸದ್ದು ಬದಲಾಗಿದೆಯಂತೆ, ಕೇಳಬೇಕಂತೆ. ತಂಗಿ ಕಿಸಕ್ಕನೆ ನಕ್ಕಳು. ನನ್ನ ಕೋಪ ಗೊತ್ತಲ್ಲ, ಮೂಗಿನ ತುದಿಯಲ್ಲೇ ಇರುತ್ತದೆ.

“ಫ್ರಿಜ್ಜಿನ ಮಾತು ಕೇಳಿಸುತ್ತೆ, ಹೆಂಡ್ತಿ ಮಾತು ಕೇಳಿಸಲ್ಲ! ನಾಳೆ ಟೀಗೆ ಅಂತ ನನ್ನ ಕ್ಯಾಂಟೀನಿನ ಕಡೆ ತಲೆ ಹಾಕಿದ್ರೆ ನೋಡಿ. ಸವತಿ ಹತ್ರನೇ ಕೂತ್ಕೊಂಡು ಕುಡೀರಿ!” ಅಂದೆ.

ಹೆಂಡತಿಯ ಆಜ್ಞೆಯನ್ನು ಈ ಮನುಷ್ಯ ಚಾಚೂ ತಪ್ಪದೆ ಪಾಲಿಸಿದ್ದು ಅದೊಂದೇ ಸಲ. ಅಲ್ಲೇ ಇರುವುದು ಮಜಾ, ಕೇಳಿ.

ನಮ್ಮ ಕಾಲೇಜಿನಲ್ಲಿ ಎಲ್ಲವೂ ಗಂಟೆಯ ಪ್ರಕಾರ. ಒಂಬತ್ತಕ್ಕೆ ಗಂಟೆ, ಲ್ಯಾಬಿನ ಸೀಲು ತೆಗೆಯುತ್ತಾರೆ. ಹನ್ನೊಂದಕ್ಕೆ ಗಂಟೆ, ಹದಿನೈದು ನಿಮಿಷ ಟೀ. ಒಂದಕ್ಕೆ ಗಂಟೆ, ಮೇನ್ ಸ್ವಿಚ್ಚು ಇಳಿಸಿ ಊಟ. ಆರಕ್ಕೆ ಗಂಟೆ, ಮತ್ತೆ ಬೀಗ, ಮತ್ತೆ ಸೀಲು. ರಾತ್ರಿ, ಭಾನುವಾರ ಒಂದು ನೊಣವೂ ಒಳಗಿರುವಂತಿಲ್ಲ. ಟೀ ಗಂಟೆ ಬಾರಿಸಿದರೆ ಪೆನ್ನು ಎತ್ತಿಟ್ಟು ಎಲ್ಲರೂ ಹೊರಗೆ ಬರಬೇಕು. ಆರು ವಾರವೂ ಹಾಗೇ ಮಾಡಿದ್ದರು. ಆ ಗುರುವಾರ ಮಾತ್ರ ಇವರು ಮುನಿಸಿಕೊಂಡು ಅಲ್ಲೇ ಕೂತರು. ಪೆನ್ನನ್ನೂ ಎತ್ತಲಿಲ್ಲ.

ನಾನು ಲೋಟ ತುಂಬಿಸುವ ಗಡಿಬಿಡಿಯಲ್ಲಿದ್ದೆ. ಟೀ ಮುಗಿದು ಕವಾಯತು ಮತ್ತೆ ಶುರುವಾಗಿ ಐದು ನಿಮಿಷ ಆಗಿರಬೇಕು. ನೋಡುತ್ತೇನೆ, ಇವರು ಕಾಲುಚೀಲದಲ್ಲೇ, ಉದ್ದನೆಯ ಕಾಗದ ಹಿಡಿದುಕೊಂಡು, ನೂರಿಪ್ಪತ್ತು ಜನ ಎಡ-ಬಲ ಎಡ-ಬಲ ಅಂತ ನಡೆಯುತ್ತಿರುವ ಸಾಲಿನ ನಟ್ಟನಡುವೆ ನುಗ್ಗಿ ಬರುತ್ತಿದ್ದಾರೆ! ಕವಾಯತು ಕಲಿಸುವ ಸುಬೇದಾರರು “ಯಾವನೋ ಅವನು!” ಅಂತ ಅಬ್ಬರಿಸಿದರು. ಅವರಿಗೆ ನಾವು ಇಟ್ಟ ಹೆಸರು ಗುಡುಗಪ್ಪ. ಅವರು ಮೆಲ್ಲಗೆ ಮಾತಾಡಿದರೂ ನನ್ನ ಪಾತ್ರೆಗಳು ಮಾತಾಡುತ್ತವೆ. ಇವರು ಅದನ್ನೂ ಲೆಕ್ಕಿಸದೆ ಕೌಂಟರಿಗೆ ಬಂದು, ಕಾಗದ ಹಾಸಿ, ಪಿಸುಗುಟ್ಟಿದರು: “ಇವಳೇ, ನೋಡು.”

ನೋಡಿದೆ. ಹಲ್ಲು, ಹಲ್ಲು, ಹಲ್ಲು. ಆಮೇಲೆ ಹನ್ನೊಂದರಿಂದ ಹನ್ನೊಂದೂಕಾಲರವರೆಗೆ ದಾರ ಎಳೆದ ಹಾಗೆ ನೆಟ್ಟಗಿನ ಗೀಟು. ಆಮೇಲೆ ಮತ್ತೆ ಹಲ್ಲು.

“ಈ ಹದಿನೈದು ನಿಮಿಷ ಏನಾಯ್ತು?” ಅಂದೆ.

“ಏನೂ ಆಗಲಿಲ್ಲ” ಅಂದರು. “ಎಲ್ರೂ ನಿನ್ನ ಟೀ ಕುಡೀತಿದ್ರು.”

ಇಬ್ಬರೂ ಒಟ್ಟಿಗೆ ರಸ್ತೆಯ ಕಡೆ ತಿರುಗಿದೆವು. ಧಡ್, ಧಡ್, ಧಡ್, ಧಡ್. ಇನ್ನೂರ ನಲವತ್ತು ಬೂಟು ಒಂದೇ ಬೂಟಿನ ಹಾಗೆ ಬೀಳುತ್ತಿತ್ತು. ಕೌಂಟರಿನ ಮೇಲಿದ್ದ ಲೋಟದ ಟೀಯಲ್ಲಿ ಪ್ರತಿ ಧಡ್‌ಗೂ ಒಂದು ಸಣ್ಣ ಉಂಗುರ ಏಳುತ್ತಿತ್ತು. ಆರು ವಾರ ಅದು ನನ್ನ ಕಣ್ಣೆದುರೇ ಎದ್ದಿತ್ತು! ಬೇರೆ ಊರಿನವರಾಗಿದ್ದರೆ ಮೊದಲ ದಿನವೇ ಕಿವಿ ಮುಚ್ಚಿಕೊಳ್ಳುತ್ತಿದ್ದರು. ನಮಗೆ ಕವಾಯತಿನ ಸದ್ದೆಂದರೆ ಗೋಡೆ ಗಡಿಯಾರದ ಟಿಕ್ ಟಿಕ್, ಕೇಳಿಸುವುದೇ ಇಲ್ಲ. ಶ್ ಮೇಷ್ಟ್ರಿಗೇ ಕೇಳಿಸಿರಲಿಲ್ಲ, ಫ್ರಿಜ್ಜು ಕೇಳಿಸಿತ್ತು. ಕವಾಯತಿನವರು ಶುರುಮಾಡಿದಾಗ ಲ್ಯಾಬೂ ಶುರು, ಅವರು ನಿಲ್ಲಿಸಿದಾಗ ಲ್ಯಾಬೂ ಬಂದ್. ಎಲ್ಲರೂ ಗಂಟೆಗೆ ಅಷ್ಟು ನಿಷ್ಠರು, ಕಳ್ಳ ಹೇಗೆ ಸಿಗಬೇಕು?

“ನೆಲವೇ ಡೊಂಕು ಕಣ್ರೀ!” ಅಂತ ನಾನು ಕಿರುಚಿದೆ. ಟೀಗೆ ಬಂದು ಇನ್ನೂ ಅಲ್ಲೇ ನಿಂತಿದ್ದ ಮೇಜರಮ್ಮ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟಳು. ಅಷ್ಟು ಸಣಕಲಿಗೆ ಆ ಶಕ್ತಿ ಎಲ್ಲಿಂದ ಬಂತೋ ನಾ ಕಾಣೆ.

ಕಳ್ಳ ಸಿಕ್ಕ, ಹಿಡಿಯುವುದು ಹೇಗೆ? ಕವಾಯತು ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ. ಡ್ರಮ್ಮಿನ ಗಾಳಿ ಖಾಲಿಯಾಗಲು ಮೂರು ತಾಸು ಬೇಕು. ಅಂದರೆ ಬೆಳಿಗ್ಗೆ ಒಂಬತ್ತಕ್ಕೆ ಪಂಪು ಹಚ್ಚಿದರೆ ಹನ್ನೆರಡಕ್ಕೆ ಎಂಜಿನ್ನು ಹೊತ್ತಿಸಬಹುದು. ಆಮೇಲೆ ನಲವತ್ತು ನಿಮಿಷ ಒಂದೇ ಸಮ ಉರಿಯಬೇಕು. ಒಂದಕ್ಕೆ ಸ್ವಿಚ್ಚು ಇಳಿಯಿತೋ, ಗಾಳಿ ಒಳಗೆ ನುಗ್ಗಿ ಕಥೆ ಮೊದಲಿಂದ, ಊಟದ ಮೇಲೆ ಮತ್ತೆ ಹಚ್ಚಿದರೆ ಮುಗಿಯುವ ಮುಂಚೆಯೇ ಆರರ ಗಂಟೆ. ಉಳಿದಿದ್ದು ಶುಕ್ರವಾರ ಮಧ್ಯಾಹ್ನದ ಆ ನಲವತ್ತು ನಿಮಿಷ ಮಾತ್ರ. ಮೇಜರಮ್ಮ ಆಫೀಸಿಗೆ ಓಡಿದಳು. ಕವಾಯತಿನ ಆದೇಶಕ್ಕೆ ಕಾಲೇಜಿನ ದೊಡ್ಡ ಸಾಹೇಬರೇ ಸಹಿ ಹಾಕಿದ್ದಾರೆ, ಅವರು ಶುಕ್ರವಾರದವರೆಗೆ ಊರಲ್ಲಿಲ್ಲ, ಅವರಿಲ್ಲದೆ ಒಂದಕ್ಷರ ಬದಲಾಗುವುದಿಲ್ಲ ಅಂದರಂತೆ.

ಸಂಜೆ ಗುಡುಗಪ್ಪನವರನ್ನು ಕ್ಯಾಂಟೀನಿನಲ್ಲಿ ಕೂರಿಸಿ ಎರಡು ಬನ್ನು ಕೊಟ್ಟೆ.

“ಸುಬೇದಾರಣ್ಣ, ಒಂದು ನಲವತ್ತು ನಿಮಿಷ ಸುಮ್ನೆ ನಿಲ್ಲಿಸಿಬಿಡಿ” ಅಂದೆ.

“ನಿಲ್ಲಿಸಿದ್ರೆ ಆಫೀಸಿನವರು ಕಿಟಕಿಯಿಂದ ನೋಡಿ ನನ್ನ ಚರ್ಮ ಸುಲೀತಾರಮ್ಮಾ! ನಡೀತಾನೇ ಇರಬೇಕು” ಅಂತ ಗುಡುಗಿದರು. ಪಕ್ಕದಲ್ಲಿ ಕೂತಿದ್ದ ಮೇಜರಮ್ಮನ ಮುಖ ನೋಡಿ ಸ್ವಲ್ಪ ಇಳಿದರು. “ಆದ್ರೆ ಒಂದಿದೆ. ತೂಗುಸೇತುವೆ ದಾಟುವಾಗ ಹೆಜ್ಜೆ ಮುರಿದು ನಡೀರಿ ಅಂತ ಹೇಳೋದುಂಟು. ಒಬ್ಬೊಬ್ಬರದು ಒಂದೊಂದು ಹೆಜ್ಜೆ. ಅದನ್ನ ಹೇಳಿದ್ರೆ ನನ್ನನ್ನ ಯಾರೂ ಕೇಳಂಗಿಲ್ಲ.”

ಶುಕ್ರವಾರ ಟೀ ಮುಗಿದ ಮೇಲೆ ಒಂದು ಸಲ ನೋಡೋಣ ಅಂತ ಶುರು ಮಾಡಿದರು. ಅಯ್ಯಯ್ಯೋ, ಆ ಚೆಂದ ನಾನು ಹೇಗೆ ಹೇಳಲಿ! “ಹೆಜ್ಜೆ ಮುರಿ!” ಅಂದರು. ನಾಲ್ಕು ಹೆಜ್ಜೆ ಚೆಲ್ಲಾಪಿಲ್ಲಿಯಾಗಿ ನಡೆದರು, ಐದನೆಯದು ಧಡ್. ತಾನಾಗಿಯೇ ಕೂಡಿಕೊಂಡುಬಿಟ್ಟಿತು. ಮತ್ತೆ ಮುರಿಸಿದರು, ಮತ್ತೆ ಧಡ್. ಒಬ್ಬ ಕ್ಯಾಪ್ಟನ್ನು ಪಾಪ ಬೇಕಂತಲೇ ಕುಂಟಿ ನೋಡಿದ. ಎರಡು ನಿಮಿಷದಲ್ಲಿ ಅವನ ಹಿಂದಿನ ಸಾಲು ಪೂರ್ತಿ ಅವನ ತಾಳಕ್ಕೇ ಕುಂಟುತ್ತಿತ್ತು. “ತಪ್ಪು ಹಾಕ್ರೋ! ತಪ್ಪಾಗಿ ಹಾಕ್ರೋ ಅಂದ್ರೆ!” ಅಂತ ಗುಡುಗಪ್ಪ ಕೆಂಪಗಾಗಿ ಕೂಗುತ್ತಿದ್ದರು. ಮೂವತ್ತು ವರ್ಷ ಹೆಜ್ಜೆ ತಪ್ಪಿದವರಿಗೆ ಶಿಕ್ಷೆ ಕೊಟ್ಟ ಮನುಷ್ಯ ಈಗ ಸರಿಯಾಗಿ ನಡೆದವರನ್ನು ಬೈಯುತ್ತಿದ್ದರು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ, ಕಲಿತ ಗುಣವೂ ಹೋಗಲ್ಲ. ನಗುತ್ತಾ ನಗುತ್ತಾ ನನ್ನ ಹೊಟ್ಟೆ ಹುಣ್ಣಾಯಿತು. ಆಮೇಲೆ ಗಡಿಯಾರ ನೋಡಿದೆ, ಹನ್ನೆರಡಕ್ಕೆ ಇಪ್ಪತ್ತು ನಿಮಿಷ. ನಗು ಹಾಗೇ ಒಣಗಿತು.

ಲ್ಯಾಬಿನ ಕಿಟಕಿಯಲ್ಲಿ ಇವರ ಮುಖ ಕಾಣುತ್ತಿತ್ತು. ಬಣ್ಣವೇ ಇರಲಿಲ್ಲ. ಆ ಮುಖ ನೋಡಿ ನನ್ನ ಬುದ್ಧಿ ಎಲ್ಲಿಂದ ಎದ್ದಿತೋ, ಟ್ರೇ ಎತ್ತಿದೆ. ತುಂಬಿದ ಟೀ ಟ್ರೇ ಹಿಡಿದು ಇಪ್ಪತ್ತು ವರ್ಷ ನಡೆದವಳು ನಾನು. ಯಾರ ತಾಳಕ್ಕೂ ನಡೆಯೋಕಾಗಲ್ಲ ಅಂತ ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಲೋಟ ಹೇಳಿದ ಹಾಗೆ ಕಾಲು ಕೇಳಬೇಕು.

“ಸುಬೇದಾರಣ್ಣ, ಸಾಲಾಗಿ ಕಳಿಸಿ!” ಅಂದೆ. ದೊಡ್ಡ ಹಂಡೆಯ ಟೀ ಇಡೀ ಕಾಲೇಜಿನ ಮಧ್ಯಾಹ್ನಕ್ಕೆ ಅಂತ ಕಾಯುತ್ತಿತ್ತು, ಎಲ್ಲ ಸುರಿದೆ. ನೂರಿಪ್ಪತ್ತು ಗಾಜಿನ ಲೋಟ, ಕಂಠಪೂರ್ತಿ, ಇನ್ನೊಂದು ಹನಿ ಬಿದ್ದರೆ ಚೆಲ್ಲಬೇಕು ಅನ್ನುವಷ್ಟು. “ನೋಡ್ರಪ್ಪಾ, ಕುಡಿಯೋ ಹಾಗಿಲ್ಲ, ಚೆಲ್ಲೋ ಹಾಗಿಲ್ಲ. ಯಾರ ಲೋಟ ಚೆಲ್ಲುತ್ತೋ ಅವರು ನನ್ನ ಪಾತ್ರೆ ತೊಳೀಬೇಕು. ಕರ್ನಲ್ ಆದ್ರೂ ಸರಿ.”

ಹನ್ನೆರಡು ಗಂಟೆ. ಮೇಜರಮ್ಮ ಒಳಗೆ ಎಂಜಿನ್ನು ಹೊತ್ತಿಸಿದಳು. ಹೊರಗೆ ನೂರಿಪ್ಪತ್ತು ಯೋಧರು ಎರಡೂ ಕೈಯಲ್ಲಿ ಲೋಟ ಹಿಡಿದು, ಕಣ್ಣು ಲೋಟದಲ್ಲಿ ನೆಟ್ಟು, ನಾಲಗೆ ಕಚ್ಚಿ, ಹೊಸ ಸೊ‌ಸೆ ಮಾವನಿಗೆ ಹಾಲು ತರುವ ಹಾಗೆ ನಡೆಯತೊಡಗಿದರು. ಒಬ್ಬ ನಿಂತ, ಒಬ್ಬ ಜಾರಿದ ಹಾಗೆ ಸರಿದ, ಒಬ್ಬ ಮುಂಗಾಲಲ್ಲಿ, ಒಬ್ಬ ಹಿಮ್ಮಡಿಯಲ್ಲಿ. ಧಡ್ ಅನ್ನುವ ಸದ್ದೇ ಇಲ್ಲ. ಕೌಂಟರಿನ ಮೇಲಿದ್ದ ಲೋಟದಲ್ಲಿ ಉಂಗುರ ಇಲ್ಲ. ಗುಡುಗಪ್ಪನವರೂ ಒಂದು ಲೋಟ ಹಿಡಿದು, ಉಸಿರು ಬಿಗಿಹಿಡಿದು, ಸಾಲಿನ ಪಕ್ಕ ತೆವಳುತ್ತಿದ್ದರು.

ಹತ್ತು ನಿಮಿಷ, ಇಪ್ಪತ್ತು ನಿಮಿಷ, ಮೂವತ್ತು. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಬಾವುಟ ಕಟ್ಟಿದ ಕಾರು ಕಾಣಿಸಿತು. ದೊಡ್ಡ ಸಾಹೇಬರು! ಸಾಹೇಬರನ್ನು ಕಂಡರೆ ‘ಸಾವಧಾನ್’ ಅಂತ ಕೂಗಬೇಕು, ಕೂಗಿದ ತಕ್ಷಣ ಇನ್ನೂರ ನಲವತ್ತು ಹಿಮ್ಮಡಿ ಒಟ್ಟಿಗೆ ನೆಲಕ್ಕೆ ಅಪ್ಪಳಿಸಬೇಕು. ಅದು ಸೈನ್ಯದವರ ರಕ್ತದಲ್ಲೇ ಇದೆ. ಗುಡುಗಪ್ಪನವರ ಎದೆ ಆಗಲೇ ಉಬ್ಬುತ್ತಿತ್ತು, ಬಾಯಿ ತೆರೆಯುತ್ತಿತ್ತು. ಯೋಚನೆ ಮಾಡಲಿಲ್ಲ. ಕೈಗೆ ಸಿಕ್ಕಿದ ಬನ್ನನ್ನು ತೆಗೆದು ಆ ಬಾಯಿಗೆ ತುರುಕಿದೆ. ಅಲ್ಲಿಂದ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕಾರಿನ ಕಡೆ ಓಡಿದೆ.

ಕಾರು ನಿಂತಿತು. ಸಾಹೇಬರು ಇಳಿದು, ಟೀ ಹಿಡಿದು ತೆವಳುತ್ತಿರುವ ತಮ್ಮ ಸೈನ್ಯವನ್ನು ನೋಡಿದರು. ಬನ್ನು ಕಚ್ಚಿಕೊಂಡ ಸುಬೇದಾರರನ್ನು ನೋಡಿದರು. ನನ್ನನ್ನು ನೋಡಿದರು.

“ಏನಮ್ಮಾ ಇದೆಲ್ಲ...”

ನಾನು ತುಟಿಗೆ ಬೆರಳಿಟ್ಟೆ. “ಶ್!” ಅಂದೆ.

ದೇವರಾಣೆ, ನನ್ನ ಬಾಯಿಂದಲೇ ಬಂತು. ಇಪ್ಪತ್ತೆಂಟು ವರ್ಷ ಬೈದುಕೊಂಡ ಸದ್ದು, ಅದೂ ಇಡೀ ಕಾಲೇಜು ಯಾರ ಮುಂದೆ ನಡುಗುತ್ತದೋ ಅವರಿಗೆ! ಸಾಹೇಬರು ಬಾಯಿ ಮುಚ್ಚಿದರು. ನಾನು ಪಿಸುಗುಟ್ಟಿದೆ: “ಒಳಗೆ ಮೇಜರಮ್ಮನ ಎಂಜಿನ್ನು ಉರೀತಿದೆ ಸಾಹೇಬ್ರೇ. ನೆಲ ಅಲ್ಲಾಡಿದ್ರೆ ಎರಡು ವರ್ಷದ ಓದು ಮಣ್ಣುಪಾಲು. ಇನ್ನು ಒಂಬತ್ತೇ ನಿಮಿಷ.” ಅವರು ಲ್ಯಾಬಿನ ಕಿಟಕಿ ನೋಡಿದರು, ಗಡಿಯಾರ ನೋಡಿದರು. ಆಮೇಲೆ ಮೆತ್ತಗೆ ಕೈಚಾಚಿದರು. ಕಂಠಪೂರ್ತಿ ಒಂದು ಲೋಟ ತಂದುಕೊಟ್ಟೆ. ಎದೆ ತುಂಬ ಪದಕ ತೊಟ್ಟ ಮನುಷ್ಯ ಆ ಲೋಟ ಹಿಡಿದು ಸಾಲಿನ ಕೊನೆಯಲ್ಲಿ ನಡೆಯತೊಡಗಿದರು. ಒಂದು ಹನಿ ಚೆಲ್ಲಲಿಲ್ಲ.

ಹನ್ನೆರಡು ನಲವತ್ತು. ನಲವತ್ತೊಂದು. ಲ್ಯಾಬಿನಿಂದ ಏನೂ ಸುದ್ದಿಯಿಲ್ಲ. ಎಂಜಿನ್ನು ಆರಿತೋ? ತಂತಿ ಹರಿಯಿತೋ? ಇಪ್ಪತ್ತನೇ ಸಲ ಹರಿದರೆ ಈ ಮನುಷ್ಯ ಬದುಕುತ್ತಾರೋ ಇಲ್ಲವೋ!

ಆಗ ಕೇಳಿಸಿತು.

“ಇವಳೇ! ಏ ಇವಳೇ! ಬಾರೇ ಇಲ್ಲಿ! ನೆಟ್ಟಗಿದೆ ಕಣೇ! ನೆಟ್ಟಗಿದೆ!”

ಯಾರ ಧ್ವನಿ ಅಂತ ನನಗೇ ಗುರುತು ಸಿಗಲಿಲ್ಲ. ಗುಡುಗಪ್ಪನವರ ಬಾಯಿಂದ ಬನ್ನು ಬಿತ್ತು. ನೂರಿಪ್ಪತ್ತು ಜನ ಒಟ್ಟಿಗೆ ಬೆಚ್ಚಿಬಿದ್ದು ನೂರಿಪ್ಪತ್ತು ಲೋಟ ಒಟ್ಟಿಗೆ ಚೆಲ್ಲಿತು. ಸಾಹೇಬರ ಪದಕಗಳ ಮೇಲೆಲ್ಲ ಟೀ. ನಾನು ಅದನ್ನೆಲ್ಲ ದಾಟಿ ಓಡಿದೆ. ಒಳಗೆ ಮೇಜರಮ್ಮ ನೆಲದ ಮೇಲೆ ಕೂತು ಅಳುತ್ತಾ ನಗುತ್ತಿದ್ದಳು, ಇವರು ಕಾಲುಚೀಲದಲ್ಲಿ ಕುಣಿಯುತ್ತಿದ್ದರು. ಹೌದ್ರೀ, ಕುಣಿಯುತ್ತಿದ್ದರು! ಮೇಜಿನ ಮೇಲೆ ಕಾಗದ. ಎಂಜಿನ್ನು ಹೊತ್ತಿದಲ್ಲಿ ಗೀಟು ಒಂದು ಮೆಟ್ಟಿಲು ಹತ್ತಿ, ನಲವತ್ತು ನಿಮಿಷ ಮಟ್ಟಸವಾಗಿ ನಡೆದು, ಮತ್ತೆ ಇಳಿದಿತ್ತು. ಅದಾದ ಮೇಲೆ ಒಂದು ಚೂಪಾದ ಮೊನೆ, ಕಾಗದದ ಅಂಚಿನವರೆಗೆ. ಪೆನ್ನು ಎತ್ತಲು ಮರೆತು ಕೂಗಿದ್ದರು, ಕುಣಿದಿದ್ದರು. ತೂಗು ಅದನ್ನೂ ಬರೆದುಕೊಂಡಿತ್ತು.

ಮಧ್ಯಾಹ್ನವಿಡೀ ಅಧಿಕಾರಿಗಳು ನನ್ನ ನಲ್ಲಿಯ ಮುಂದೆ ಸಾಲು ನಿಂತು ಲೋಟ ತೊಳೆದರು. ದೊಡ್ಡ ಸಾಹೇಬರು ತಮ್ಮದನ್ನು ತಾವೇ ತೊಳೆದರು, ಮಾತೆಂದರೆ ಮಾತು.

ಶನಿವಾರ ಮೂವರು ಪರೀಕ್ಷಕರು ಕೂತಿದ್ದಾಗ ಟೀ ಕೊಡುವ ನೆಪದಲ್ಲಿ ನಾನು ಒಳಗೇ ಉಳಿದೆ. ಇವರು ಮೂಲೆಯಲ್ಲಿ ಗೋಡೆಗೆ ಅಂಟಿಕೊಂಡಿದ್ದರು. ದಪ್ಪ ಕನ್ನಡಕದ ಪರೀಕ್ಷಕರೊಬ್ಬರು ಆ ಮೊನೆಯ ಮೇಲೆ ಬೆರಳಿಟ್ಟರು. “ಇದೇನು?”

“ಮೆಕ್ಯಾನಿಕ್ ಕೂಗಿದ್ದು ಸರ್” ಅಂದಳು ಮೇಜರಮ್ಮ. “ಗೀಟು ನೆಟ್ಟಗೆ ಬಂತು ಅಂತ ಖುಷಿಗೆ.”

“ಕತ್ತರಿಸಿ ಹಾಕಬಹುದಿತ್ತಲ್ಲ?”

“ಅಳತೆಗೆ ಸಿಕ್ಕಿದ್ದನ್ನ ಕತ್ತರಿಸಬಾರದು ಅಂತ ಅವರೇ ಕಲಿಸಿದ್ದು ಸರ್.”

ಪರೀಕ್ಷಕರು ಇವರ ಕಡೆ ತಿರುಗಿ, “ಇನ್ನೊಂದು ಸಲ ಕೂಗಿ, ಕೇಳೋಣ” ಅಂದರು. ಇವರು ಕಿವಿಯವರೆಗೆ ಕೆಂಪಾಗಿ, ಬಾಯಿ ತೆರೆದು, ಕೊನೆಗೆ ಹೊರಬಂದಿದ್ದು ‘ಶ್’ ಅಷ್ಟೇ. ಮೂವರೂ ಮೇಜು ಕುಟ್ಟಿ ನಕ್ಕರು. ಪ್ರೊಫೆಸರು ಎದ್ದು ಬಂದು ಇವರ ಕೈ ಹಿಡಿದುಕೊಂಡು, “ನೆಲವೇ ಡೊಂಕಿತ್ತು ಮಾರಾಯ್ರೇ, ತಪ್ಪಾಯ್ತು” ಅಂದರು. ಅವತ್ತು ಅವರಿಗೆ ಸಕ್ಕರೆ ಎರಡು ಚಮಚ ಹಾಕಿದೆ. ಭಾನುವಾರದ ರೈಲಿಗೆ ಮೇಜರಮ್ಮ ಹೊರಟಳು, ಪದವಿಗೆ ಪರೀಕ್ಷಕರು ಸಹಿ ಹಾಕಿದ ಕಾಗದ ಕೈಯಲ್ಲೇ ಇತ್ತು. ತೂಗು ಇದ್ದಲ್ಲೇ ಇದೆ.

ಎರಡು ತಿಂಗಳಿಗೆ ಅಂಚೆಯಲ್ಲಿ ಅವಳ ಪ್ರಬಂಧದ ಒಂದು ಪ್ರತಿ ಬಂತು. ಗಟ್ಟಿ ರಟ್ಟಿನ ದಪ್ಪ ಪುಸ್ತಕ. ಒಂದು ಸಾಲೂ ನನಗೆ ಅರ್ಥವಾಗುವುದಿಲ್ಲ. ತೊಂಬತ್ತಮೂರನೇ ಪುಟ ಮಾತ್ರ ಬಾಯಿಪಾಠ. ಅಲ್ಲಿ ಆ ಗೀಟಿದೆ, ಕೊನೆಯಲ್ಲಿ ಆ ಮೊನೆಯಿದೆ, ಅದರ ಕೆಳಗೆ ಅವಳು ಸಣ್ಣಕ್ಷರದಲ್ಲಿ ‘ಇಲ್ಲಿ ಮೇಷ್ಟ್ರು ಅಕ್ಕನನ್ನು ಕರೆದರು’ ಅಂತ ಅಚ್ಚು ಹಾಕಿಸಿದ್ದಾಳೆ. ಇವರು ಈಗಲೂ ಫ್ರಿಜ್ಜಿಗೆ ಕಿವಿ ಕೊಟ್ಟು ನನಗೆ ‘ಶ್!’ ಅನ್ನುತ್ತಾರೆ. ನಾನು ಜಗಳಕ್ಕೆ ಹೋಗುವುದಿಲ್ಲ. ಆ ಪುಟ ತೆಗೆದು ಮುಂದಿಡುತ್ತೇನೆ. ಇಪ್ಪತ್ತೆಂಟು ವರ್ಷದಲ್ಲಿ ಒಂದೇ ಒಂದು ಸಲ ಬಾಯಿಬಿಟ್ಟು ಕೂಗಿದರು, ಅದೂ ನನ್ನನ್ನೇ.